ಕಬ್ಬಿನ ಸಕ್ಕರೆಯಿಂದ ನೀರು ಸೋಸುವ ಮರಳು: ಗ್ರಾಫೀನ್ ಎಂದರೇನು?

ಕೊಳ್ಳೇಗಾಲವೆಂದರೆ ರೇಷ್ಮೆ, ಯಳಂದೂರೆಂದರೆ ಭತ್ತ, ಕಬ್ಬಿನ ಗದ್ದೆ, ಹನೂರೆಂದರೆ ಮಳೆಯನ್ನೇ ನೆಚ್ಚಿದ ಹೊಲ. ರೇಷ್ಮೆಗೆ ಹಾಕುವ ಬಣ್ಣವಾಗಲಿ, ಬೆಳೆಗೆ ಸಿಂಪಡಿಸುವ ಔಷಧಿಯಾಗಲಿ ಕುಡಿಯುವ ನೀರಿಗೆ ಸೇರಿದರೆ ತೆಗೆಯುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ ಒಂದು ಸಂಶೋಧನೆಯಲ್ಲಿ ಸಕ್ಕರೆಯೇ ಕಚ್ಚಾವಸ್ತು. ಅದನ್ನು ಇಲ್ಲಿ ಸರಳವಾಗಿ ವಿವರಿಸಲು ಪ್ರಯತ್ನಿಸಿದ್ದೇವೆ.

ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಇಂಗಾಲದ ಪದರಗಳ ಅಟ್ಟಿ. ಒಂದೇ ಪರಮಾಣುವಿನಷ್ಟು ದಪ್ಪದ ಒಂದು ಪದರವೇ ಗ್ರಾಫೀನ್. 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಇದನ್ನು ಎಬ್ಬಿಸಿ ತೆಗೆದರು. 2010ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸಿ.ಎನ್.ಆರ್. ರಾವ್ ಅವರ ತಂಡವು ಜಲಜನಕದ ನಡುವೆ ಗ್ರಾಫೈಟ್ ಸರಳುಗಳಿಗೆ ವಿದ್ಯುತ್ ಕಿಡಿ ಹಾಯಿಸಿ ಗ್ರಾಫೀನ್ ತಯಾರಿಸುವ ವಿಧಾನವನ್ನು 2009ರಲ್ಲಿ ಪ್ರಕಟಿಸಿತು.

ಲೆಕ್ಕದ ಪ್ರಕಾರ ಒಂದು ಗ್ರಾಂ ಗ್ರಾಫೀನಿನ ಎರಡೂ ಮೈ ಸೇರಿದರೆ ಸುಮಾರು 2,600 ಚದರ ಮೀಟರ್, ಅಂದರೆ 26 ಗುಂಟೆ. ಇಷ್ಟು ಮೈ ಇರುವುದರಿಂದಲೇ ಕೊಳೆ ಅಂಟಿಕೊಳ್ಳಲು ಜಾಗ ಹೆಚ್ಚು.

ಈ ಗುಣವನ್ನು ಐಐಟಿ ಮದ್ರಾಸಿನ ಪ್ರೊ. ಟಿ. ಪ್ರದೀಪ್ ಮತ್ತು ಸಂಗಡಿಗರು ಬಳಸಿಕೊಂಡರು. ಅವರು ಸಕ್ಕರೆ ಪಾಕವನ್ನು ಮರಳಿಗೆ ಲೇಪಿಸಿ, ಸಾರಜನಕದಲ್ಲಿ 750 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಆಮ್ಲದಿಂದ ಸಂಸ್ಕರಿಸಿದರು. ಮರಳಿನ ಮೇಲೆ ಗ್ರಾಫೀನಿನಂಥ ಕಪ್ಪು ಪದರ ಕೂತಿತು. 2012ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅದು ರೋಡಮಿನ್ ಎಂಬ ಬಣ್ಣವನ್ನೂ, ರೈತರಿಗೆ ಚೆನ್ನಾಗಿ ಗೊತ್ತಿರುವ ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನೂ ನೀರಿನಿಂದ ಹೀರಿತು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಣ್ಣ ಮತ್ತು ಕೀಟನಾಶಕ ಹೋಯಿತೆಂದರೆ ಫ್ಲೋರೈಡ್, ರೋಗಾಣುಗಳೂ ಹೋದವು ಎಂದು ಅರ್ಥವಲ್ಲ. ಮನೆಯಲ್ಲಿ ಸಕ್ಕರೆ ಸುಟ್ಟರೆ ಸಿಗುವುದು ಬರೀ ಕರಿ. ಆಮ್ಲದ ಕೆಲಸವಂತೂ ಅಪಾಯಕಾರಿ. ಹೀರಿಕೊಳ್ಳುವ ಶಕ್ತಿ ಮುಗಿದ ಮರಳನ್ನು ಬದಲಿಸದಿದ್ದರೆ ಅದು ಸೋಸುವುದೇ ಇಲ್ಲ.

ಆದ್ದರಿಂದ "ಗ್ರಾಫೀನ್ ಫಿಲ್ಟರ್" ಎಂದು ಯಾರಾದರೂ ಸ್ವಸಹಾಯ ಸಂಘಕ್ಕೆ ಮಾರಲು ಬಂದರೆ ಕಾರ್ಯಕರ್ತರು ಮೂರು ಮಾತು ಕೇಳಲಿ: ಇದು ಯಾವ ಕಲ್ಮಶವನ್ನು ತೆಗೆಯುತ್ತದೆ? ಪರೀಕ್ಷಾ ವರದಿ ಎಲ್ಲಿದೆ? ಎಷ್ಟು ದಿನಕ್ಕೆ ಬದಲಿಸಬೇಕು? ಅದಕ್ಕೂ ಮೊದಲು ಊರಿನ ನೀರನ್ನು ಪರೀಕ್ಷೆ ಮಾಡಿಸಲಿ. ನೀರಿನಲ್ಲಿ ಏನಿದೆಯೆಂದು ತಿಳಿಯದೆ ಕೊಂಡ ಫಿಲ್ಟರ್, ರೋಗ ಯಾವುದೆಂದು ತಿಳಿಯದೆ ಕುಡಿದ ಔಷಧಿಯಂತೆ.