ಹತ್ತು ಲಕ್ಷ ಹೆಸರುಗಳ ಅಜ್ಜಿ

ಮನೆಯಲ್ಲಿ ನಂಟಸ್ತಿಕೆಯ ತೊಡಕೊಂದು ಬಂದಾಗ ಅದನ್ನು ಬಿಡಿಸುವವರು ಯಾರು? ಅಜ್ಜಿಯಲ್ಲದೆ ಮತ್ತಾರು! ಯಾರಿಗೆ ಯಾರು ಏನಾಗಬೇಕು, ಯಾವ ಊರಿಗೆ ಯಾವ ಹೆಣ್ಣನ್ನು ಕೊಟ್ಟಿತ್ತು, ಯಾವ ಮಗು ಯಾವ ಬರಗಾಲದಲ್ಲಿ ಹುಟ್ಟಿ ಯಾವ ಜ್ವರದಲ್ಲಿ ತೀರಿಕೊಂಡಿತು, ಎಲ್ಲವೂ ಆಕೆಯ ನಾಲಗೆಯ ತುದಿಯಲ್ಲಿರುತ್ತದೆ. ಕನ್ನಡ ನಾಡಿನ ಒಕ್ಕಲು ಮನೆಗಳಲ್ಲಿ ಈ ಕೆಲಸವನ್ನು ಎತ್ತನ್ನೇರಿ ಬರುವ ಹೆಳವನೂ ಮಾಡುತ್ತ ಬಂದಿದ್ದಾನೆ. ಆದರೆ ಒಂದೇ ಹಳ್ಳಿಯ ಜನ ಹಲವು ಖಂಡಗಳಿಗೆ ಚದರಿಹೋದರೆ, ತಂದೆ ಸೈಬೀರಿಯದಲ್ಲಿ, ಮಗ ಕೆನಡದಲ್ಲಿ, ಮಗಳು ಪರಾಗ್ವೆಯಲ್ಲಿ ಮಣ್ಣಾದರೆ, ಅಂಥ ಕುಲದ ಕಥೆಯನ್ನು ಹೇಳಬಲ್ಲ ಅಜ್ಜಿ ಎಲ್ಲಿ ಸಿಕ್ಕಾಳು?

ಸಿಕ್ಕಿದ್ದಾಳೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಫ್ರೆಸ್ನೊ ನಗರ ಅವಳ ತವರು. ಅಲ್ಲಿಯ ಮೆನೊನೈಟ್ ಚಾರಿತ್ರಿಕ ಸಂಘದವರು ತಮ್ಮ ಜನಾಂಗದ ಪೂರ್ವಿಕರ ಮಾಹಿತಿಯನ್ನೆಲ್ಲ ಒಂದೆಡೆ ಕೂಡಿಹಾಕಿ, ಆ ಸಂಗ್ರಹದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಪೋಣಿಸಿ ‘ಗ್ರ್ಯಾಂಡ್‌ಮಾ’ ಎಂದು ಕರೆದರು. ಅಂದರೆ ಅಜ್ಜಿ ಎಂದೇ ಅರ್ಥ. ಹತ್ತು ಲಕ್ಷಕ್ಕೂ ಮಿಕ್ಕಿದ ಜನರ ಹೆಸರುಗಳು ಈ ಅಜ್ಜಿಯ ಮಡಿಲಲ್ಲಿವೆ. ಮೊದಮೊದಲು ಸಿ.ಡಿ. ತಟ್ಟೆಗಳ ಮೇಲೆ ಮನೆ ಮನೆಗೆ ಹೋಗುತ್ತಿದ್ದ ಆಕೆ, ಇಂದು ಅಂತರ್ಜಾಲದಲ್ಲಿ ನೆಲೆಸಿದ್ದಾಳೆ. ಒಂದಿಷ್ಟು ಚಂದಾ ಕೊಟ್ಟವರು ಎಲ್ಲಿಯೇ ಕುಳಿತರೂ ಆಕೆಯನ್ನು ಮಾತನಾಡಿಸಬಹುದು.

ಕತ್ತಿ ಹಿಡಿಯದ ಜನ

ಯಾರು ಈ ಮೆನೊನೈಟರು? ೧೫೨೫ರ ಜನವರಿಯಲ್ಲಿ ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಕೆಲವರು ಹೊಸದೊಂದು ದಾರಿ ಹಿಡಿದರು. ದೀಕ್ಷಾಸ್ನಾನವೆಂಬುದು ತಿಳಿವಳಿಕೆ ಬಂದವರು ತಾವಾಗಿ ಬೇಡಿ ಪಡೆಯಬೇಕಾದುದು, ಹಸುಗೂಸಿಗೆ ಕೊಡತಕ್ಕದ್ದಲ್ಲ ಎಂಬುದು ಅವರ ಮತ. ಅವರಲ್ಲಿ ಹಲವರು ಕತ್ತಿ ಹಿಡಿಯಲಿಲ್ಲ, ಆಣೆಯಿಡಲಿಲ್ಲ. ಅರಸರೂ ಚರ್ಚಿನವರೂ ಕೂಡಿ ಅವರನ್ನು ಬೇಟೆಯಾಡಿದರು. ೧೫೩೬ರಲ್ಲಿ ಫ್ರೀಸ್‌ಲೆಂಡಿನ ಮೆನೊ ಸೈಮನ್ಸ್ ಎಂಬ ಪಾದ್ರಿ ತನ್ನ ಪದವಿಯನ್ನು ತೊರೆದು, ಚೆದುರಿದ ಈ ಜನರನ್ನು ಒಟ್ಟುಗೂಡಿಸಿದನು. ಅವನ ಹೆಸರೇ ಅವರ ಹೆಸರಾಯಿತು.

ಹಿಂಸೆಗೆ ಬೇಸತ್ತ ನೆದರ್ಲೆಂಡಿನ ಕುಟುಂಬಗಳು ಪೋಲೆಂಡಿನ ವಿಸ್ಚುಲಾ ನದಿಯ ಮುಖಜಭೂಮಿಗೆ ಬಂದು, ಜೌಗು ಹರಿಸಿ, ಹೊಲಗಳನ್ನು ಮಾಡಿಕೊಂಡವು. ೧೭೭೨ರಲ್ಲಿ ಆ ಪ್ರದೇಶ ಪ್ರಷ್ಯದ ಅರಸನ ವಶವಾಯಿತು. ಸೈನ್ಯಕ್ಕೆ ಸೇರದವರಿಗೆ ಭೂಮಿ ಕೊಳ್ಳುವುದು ದುಸ್ತರವಾಗುತ್ತ ಬಂತು. ಅತ್ತ ರಷ್ಯದ ಸಾಮ್ರಾಜ್ಞಿ ಕ್ಯಾಥರೀನ್ ನೆಲವನ್ನೂ, ಸೈನ್ಯಸೇವೆಯಿಂದ ವಿನಾಯಿತಿಯನ್ನೂ ಕೊಡುವೆನೆಂದಳು. ೧೭೮೯ರಲ್ಲಿ ನೀಪರ್ ನದಿಯ ದಂಡೆಯ ಖೋರ್ಟಿಟ್ಸದಲ್ಲಿ, ೧೮೦೪ರಲ್ಲಿ ಮೊಲೊಚ್ನದಲ್ಲಿ ಅವರ ವಸಾಹತುಗಳು ತಲೆಯೆತ್ತಿದವು. ಇಂದಿನ ಉಕ್ರೇನಿನ ಆ ಹುಲ್ಲುಗಾವಲನ್ನು ಅವರು ಗೋಧಿಯ ಕಣಜ ಮಾಡಿದರು.

ಆ ವಿನಾಯಿತಿಗೂ ಸಂಚಕಾರ ಬಂದಾಗ, ೧೮೭೪ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ೧೮,೦೦೦ ಮಂದಿ ಅಮೆರಿಕದ ಕಾನ್ಸಾಸ್, ನೆಬ್ರಾಸ್ಕ, ಕೆನಡದ ಮಾನಿಟೋಬ ಮುಂತಾದ ಸೀಮೆಗಳಿಗೆ ಹಡಗು ಹತ್ತಿದರು. ಕ್ರಾಂತಿಯ ಅನಂತರ ೧೯೨೦ರ ದಶಕದಲ್ಲಿ ಮತ್ತೆ ಸುಮಾರು ೨೦,೦೦೦ ಮಂದಿ ಕೆನಡ ಸೇರಿದರು. ಕೆಲವರು ಮೆಕ್ಸಿಕೊಗೆ, ಕೆಲವರು ಪರಾಗ್ವೆಯ ಮುಳ್ಳುಕಾಡಿಗೆ ಹೋದರು. ಉಳಿದವರು ಉಳಿದಲ್ಲಿಯೇ ಕಷ್ಟಕ್ಕೆ ಕೊರಳೊಡ್ಡಿದರು.

ಒಂದೇ ಹೆಸರು, ನೂರು ಜನ

ಇಂಥ ಜನರ ವಂಶವೃಕ್ಷವನ್ನು ಬರೆಯುವುದು ಸುಲಭವಲ್ಲ. ಮೊದಲ ತೊಡಕು ಹೆಸರಿನದು. ಕೆಲವು ನೂರು ಕುಲನಾಮಗಳ ಒಳಗೇ ಇಡೀ ಸಮುದಾಯ ಅಡಗಿದೆ: ಪೆನ್ನರ್, ಫ್ರೀಸೆನ್, ಕ್ಲಾಸೆನ್, ವೀನ್ಸ್, ಡಿಕ್, ರೈಮರ್. ಇಟ್ಟ ಹೆಸರುಗಳೂ ಅಷ್ಟೇ: ಗಂಡಾದರೆ ಯಾಕೋಬ್, ಪೀಟರ್, ಯೊಹಾನ್, ಹೈನ್ರಿಕ್, ಹೆಣ್ಣಾದರೆ ಮರಿಯ, ಅನ್ನ, ಹೆಲೆನ, ಕಟರೀನ. ಒಂದೇ ಹಳ್ಳಿಯಲ್ಲಿ ಒಂದೇ ಕಾಲಕ್ಕೆ ಮೂವರು ಪೀಟರ್ ಫ್ರೀಸೆನ್ನರಿದ್ದರೆ ಅಚ್ಚರಿಯಿಲ್ಲ. ಮಗುವೊಂದು ತೀರಿಕೊಂಡರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರನ್ನಿಡುವ ರೂಢಿಯೂ ಇತ್ತು. ಒಂದು ತಾಯಿಯ ಮಡಿಲಲ್ಲಿ ಇಬ್ಬರು ಹೆಲೆನರು. ಒಬ್ಬಳು ಗೋರಿಯಲ್ಲಿ, ಒಬ್ಬಳು ತೊಟ್ಟಿಲಲ್ಲಿ. ಇಬ್ಬರನ್ನೂ ಒಬ್ಬಳೆಂದು ಎಣಿಸಿದ ವಂಶಾವಳಿಕಾರ ಆ ತಾಯಿಯ ಒಂದು ದುಃಖವನ್ನೇ ಅಳಿಸಿಬಿಟ್ಟಂತಾಗುತ್ತದೆ.

ಆದುದರಿಂದ ‘ಅಜ್ಜಿ’ಯು ಪ್ರತಿಯೊಬ್ಬ ವ್ಯಕ್ತಿಗೂ ಒಂದು ಅಂಕೆಯನ್ನು ಕೊಟ್ಟಿದ್ದಾಳೆ. ಹೆಸರು ನೂರು ಜನಕ್ಕಿರಬಹುದು, ಆ ಅಂಕೆ ಒಬ್ಬನಿಗೇ. ಹುಡುಕುವವರು ತಮಗೆ ತಿಳಿದ ಕಡೆಯ ಹಿರಿಯರ ಹೆಸರು, ಹುಟ್ಟಿದ ವರ್ಷ, ಕೈಹಿಡಿದವರ ಹೆಸರು ಇವುಗಳಿಂದ ಮೊದಲು ಮಾಡುತ್ತಾರೆ. ಹೆಂಗಸರನ್ನು ತವರಿನ ಕುಲನಾಮದಿಂದಲೇ ಹುಡುಕಬೇಕು. ಸರಿಯಾದ ವ್ಯಕ್ತಿ ಸಿಕ್ಕಿದೊಡನೆ ತಂದೆತಾಯಿಗಳು, ಅವರ ತಂದೆತಾಯಿಗಳು ಎಂದು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ನಡೆಯಬಹುದು. ಮೂರು ನೂರು ವರ್ಷ ತಮ್ಮೊಳಗೇ ಕೊಟ್ಟು ತಂದ ಜನವಾದುದರಿಂದ, ಹಿಂದೆ ಹೋದಷ್ಟೂ ಒಬ್ಬನೇ ಪೂರ್ವಿಕ ಎರಡು ಮೂರು ಕವಲುಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತಾನೆ.

ಹಳೆಯ ಕಾಗದಗಳ ಸಾಕ್ಷಿ

ಈ ಮಾಹಿತಿಯೆಲ್ಲ ಎಲ್ಲಿಂದ ಬಂತು? ಯೂರೋಪಿನ ಇತರರ ವಂಶಾವಳಿಗೆ ಹಸುಗೂಸುಗಳ ದೀಕ್ಷಾಸ್ನಾನದ ದಾಖಲೆಯೇ ಬುನಾದಿ. ಮೆನೊನೈಟರಲ್ಲಿ ಆ ಸಂಸ್ಕಾರವೇ ಇಲ್ಲ. ಅವರ ದೀಕ್ಷೆಯ ಪಟ್ಟಿಯಲ್ಲಿ ಕಾಣುವವರು ಪ್ರಾಯಕ್ಕೆ ಬಂದವರು. ಎಳವೆಯಲ್ಲೇ ಅಳಿದ ಮಕ್ಕಳು ಅಲ್ಲಿಲ್ಲ. ಆದುದರಿಂದ ಸಭೆಗಳ ಕುಟುಂಬ ಪುಸ್ತಕಗಳು, ೧೭೭೬ರ ಪ್ರಷ್ಯದ ಮೆನೊನೈಟ್ ಗಣತಿ, ರಷ್ಯ ಸರಕಾರ ೧೭೯೫, ೧೮೧೬, ೧೮೩೫, ೧೮೫೦ ಮತ್ತು ೧೮೫೮ರಲ್ಲಿ ನಡೆಸಿದ ತಲೆಯೆಣಿಕೆಗಳು, ಹಡಗಿನ ಪ್ರಯಾಣಿಕರ ಪಟ್ಟಿಗಳು, ಮನೆಯ ಬೈಬಲ್ಲಿನ ಮೊದಲ ಪುಟಗಳು, ಇವೆಲ್ಲವನ್ನೂ ಜರಡಿ ಹಿಡಿಯಬೇಕಾಯಿತು. ಬರೆವಣಿಗೆ ಹಳೆಯ ಜರ್ಮನ್ ಮೋಡಿಯದು. ೧೯೧೮ರವರೆಗೆ ರಷ್ಯದ ಪಂಚಾಂಗವೇ ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹನ್ನೆರಡು ದಿನ ಹಿಂದಿತ್ತು.

ಇಷ್ಟಾದರೂ ‘ಅಜ್ಜಿ’ಯ ಮಾತೆಲ್ಲ ವೇದವಾಕ್ಯವಲ್ಲ. ಮನೆತನದವರು ತಾವು ಬಲ್ಲುದನ್ನು ಕಳುಹಿಸುತ್ತಾರೆ, ಸಂಪಾದಕರು ಜೋಡಿಸುತ್ತಾರೆ. ಕಳುಹಿಸಿದವರ ತಪ್ಪು ಒಳಗೆ ನುಸುಳುವುದುಂಟು. ಬಲ್ಲವರು ಅದನ್ನು ದಾರಿ ತೋರುವ ಕೈಮರವೆಂದು ಬಗೆದು, ಮೂಲ ಕಾಗದವನ್ನು ಕಣ್ಣಾರೆ ಕಂಡ ಮೇಲೆಯೇ ನಂಬುತ್ತಾರೆ.

ಒಂದು ದಿನಾಂಕದ ಬೆಲೆ

ಇದೆಲ್ಲ ಬಿಡುವಿದ್ದವರ ಹವ್ಯಾಸವಲ್ಲವೆ ಎಂದು ಕೆಲವರು ಕೇಳಬಹುದು. ೧೯೧೯ರ ಶರತ್ಕಾಲಕ್ಕೆ ಸೇರಿದ ಹೆಸರುಗಳನ್ನು ತೆರೆದು ನೋಡಿದವರು ಹಾಗೆ ಕೇಳಲಾರರು. ಐಖೆನ್‌ಫೆಲ್ಡ್ ಎಂಬ ಹಳ್ಳಿಯಲ್ಲಿ ಮಖ್ನೊವಿನ ದಂಡಿನವರು ಒಂದೇ ರಾತ್ರಿ ಎಪ್ಪತ್ತಕ್ಕೂ ಹೆಚ್ಚು ಜನರನ್ನು ಕೊಂದರು. ತಂದೆ, ಮಗ, ನೆರೆಯವನು, ಎಲ್ಲರ ಸಾವಿಗೂ ಒಂದೇ ಊರು, ಒಂದೇ ದಿನ.

ಅದಕ್ಕಿಂತಲೂ ಕ್ರೂರವಾದುದು ೧೯೩೭ ಮತ್ತು ೧೯೩೮ರ ಕಥೆ. ನಡುರಾತ್ರಿಯಲ್ಲಿ ಸ್ಟಾಲಿನ್ನನ ಪೊಲೀಸರು ಬಂದು ಮನೆಯ ಗಂಡಸನ್ನು ಕರೆದೊಯ್ಯುವರು. ವಿಚಾರಿಸಿದ ಹೆಂಡತಿಗೆ ಸಿಗುತ್ತಿದ್ದ ಉತ್ತರ: “ಹತ್ತು ವರ್ಷ ಸೆರೆ, ಕಾಗದ ಬರೆಯುವ ಹಕ್ಕಿಲ್ಲ.” ನಿಜವಾಗಿ ಅದರ ಅರ್ಥ, ಅವನನ್ನು ಆಗಲೇ ಗುಂಡಿಕ್ಕಿ ಕೊಂದಾಗಿದೆ ಎಂದು. ಸ್ಟಾಲಿನ್ ಸತ್ತ ಮೇಲೆಯೂ ಸುಳ್ಳು ಸಾಯಲಿಲ್ಲ. ೧೯೫೫ರಲ್ಲಿ ಹೊರಟ ಗುಪ್ತ ಆಜ್ಞೆಯ ಮೇರೆಗೆ ಮನೆಯವರಿಗೆ ಮರಣಪತ್ರಗಳು ಬಂದವು: ಸೆರೆಶಿಬಿರದಲ್ಲಿ ಹೃದಯರೋಗದಿಂದಲೋ ನ್ಯುಮೋನಿಯದಿಂದಲೋ ತೀರಿಕೊಂಡ, ವರ್ಷ ೧೯೪೨, ೧೯೪೩, ೧೯೪೪. ರೋಗವೂ ಕಟ್ಟುಕಥೆ, ದಿನಾಂಕವೂ ಕಟ್ಟುಕಥೆ. ಆ ದಿನಾಂಕಗಳೇ ಬೈಬಲ್ಲಿನ ಪುಟಗಳಿಗೂ ಮನೆಯವರ ವಂಶಾವಳಿಗಳಿಗೂ ಏರಿದವು. ಸೋವಿಯತ್ ಒಕ್ಕೂಟ ಕುಸಿಯುವ ಕಾಲಕ್ಕೆ ಕಡತಗಳು ತೆರೆದ ಮೇಲೆ ನಿಜವಾದ ದಿನಗಳು ಹೊರಬಿದ್ದವು. ಐದಾರು ವರ್ಷ ಕಾದ ಹೆಂಗಸು ಕಾದದ್ದು ಸತ್ತವನಿಗಾಗಿ ಎಂದು ಮೊಮ್ಮಕ್ಕಳಿಗೆ ತಿಳಿದದ್ದು ಆಗ. ವಂಶಾವಳಿಯಲ್ಲಿ ಒಂದು ವರ್ಷವನ್ನು ಹೊಡೆದು ಇನ್ನೊಂದನ್ನು ಬರೆಯುವುದೆಂದರೆ ಆ ಮನೆಗಳಲ್ಲಿ ಸಣ್ಣ ಮಾತಲ್ಲ.

ವೈರಿಯ ಕೈಬರಹ

ಈ ಜನರು ಎದುರಿಸಬೇಕಾದ ಕಹಿ ಇನ್ನೊಂದಿದೆ. ೧೯೪೩ರಲ್ಲಿ ಹಿಂದೆಗೆಯುತ್ತಿದ್ದ ಜರ್ಮನ್ ಸೈನ್ಯದೊಡನೆ ಸುಮಾರು ೩೫,೦೦೦ ಮೆನೊನೈಟರು ಉಕ್ರೇನನ್ನು ಬಿಟ್ಟು ಪಶ್ಚಿಮಕ್ಕೆ ನಡೆದರು. ದಾರಿಯಲ್ಲಿ ನಾಜಿಗಳ ವಲಸೆ ಕಚೇರಿ ಅವರ ಕುಲಗೋತ್ರವನ್ನೆಲ್ಲ ಕೆದಕಿ, ರಕ್ತದ ‘ಶುದ್ಧಿ’ಯನ್ನು ಅಳೆದು, ಪೌರತ್ವ ಕೊಟ್ಟಿತು. ಯುದ್ಧ ಮುಗಿದಾಗ ಅವರಲ್ಲಿ ಮೂರರಲ್ಲಿ ಎರಡು ಪಾಲು ಜನರನ್ನು ಸೋವಿಯತ್ ಪಡೆ ಹಿಡಿದು ಪೂರ್ವಕ್ಕೆ ಅಟ್ಟಿತು. ಆ ಕಚೇರಿಯ ಕಡತಗಳು ಮಾತ್ರ ಅಮೆರಿಕನ್ನರ ಕೈಸೇರಿ ಉಳಿದುವು. ಇಂದು ವಂಶಾವಳಿ ಹುಡುಕುವವರಿಗೆ ಅವು ದೊಡ್ಡ ನಿಧಿ. ಆದರೆ ಯೆಹೂದ್ಯರನ್ನು ಸಾವಿಗೆ ಬೇರ್ಪಡಿಸಿದ ‘ರಕ್ತಶಾಸ್ತ್ರ’ವೇ ಈ ಕಾಗದಗಳ ತಾಯಿ. ಅಜ್ಜನ ಹೆಸರು ಸಿಕ್ಕಿತೆಂದು ಹಿಗ್ಗುವ ಮೊಮ್ಮಗ, ಅದನ್ನು ಬರೆದಿಟ್ಟವನು ಯಾರು, ಏಕೆ ಬರೆದ ಎಂಬುದನ್ನೂ ಓದಿಕೊಳ್ಳಬೇಕಾಗುತ್ತದೆ. ಕುಲದ ಲೆಕ್ಕ ಕುಲದ ಹೆಮ್ಮೆಯಾಗಿ, ಹೆಮ್ಮೆ ಹಗೆಯಾದ ಕಥೆ ಅಲ್ಲಿದೆ.

ಅದೇ ಲೆಕ್ಕ ಜೀವ ಉಳಿಸುವುದಕ್ಕೂ ನೆರವಾಗಬಲ್ಲದು. ಮೂಳೆಗೆ ಗಟ್ಟಿತನ ಬಾರದಂತೆ ಮಾಡುವ ಹೈಪೊಫಾಸ್ಫಟೇಸಿಯ ಎಂಬ ಆನುವಂಶಿಕ ರೋಗವುಂಟು. ಮಾನಿಟೋಬದ ಮೆನೊನೈಟರಲ್ಲಿ ೨೫ ಮಂದಿಗೆ ಒಬ್ಬರು ಅದರ ಬೀಜವನ್ನು ಹೊತ್ತಿದ್ದಾರೆ. ೨,೫೦೦ ಜನನಗಳಿಗೆ ಒಂದು ಕೂಸು ಅದರ ಕಠೋರ ರೂಪಕ್ಕೆ ಗುರಿಯಾಗುತ್ತದೆ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಗಂಡಹೆಂಡಿರ ಪೂರ್ವಿಕರು ಎಲ್ಲಿ ಕೂಡುತ್ತಾರೆಂದು ಅರಿಯುವುದು ಅಂಥ ಮನೆಗಳಿಗೆ ಎಚ್ಚರಿಕೆಯ ಗಂಟೆ.

ಭಾರತಕ್ಕೂ ಈ ಮರದ ಕೊಂಬೆಯೊಂದು ಚಾಚಿದೆ. ೧೮೯೦ರ ಸುಮಾರಿಗೆ ರಷ್ಯದ ಮೆನೊನೈಟ್ ದಂಪತಿಗಳಾದ ಏಬ್ರಹಾಂ ಮತ್ತು ಮರಿಯ ಫ್ರೀಸೆನ್ನರು ಹೈದರಾಬಾದು ಸಂಸ್ಥಾನದ ನಲ್ಲಗೊಂಡಕ್ಕೆ ಮಿಶನರಿಗಳಾಗಿ ಬಂದರು. ಮುಂದೆ ಹೆಸರಾಂತ ಮಾನವಶಾಸ್ತ್ರಜ್ಞರಾದ ಪಾಲ್ ಹೀಬರ್ಟರು ೧೯೩೨ರಲ್ಲಿ ಹುಟ್ಟಿದ್ದು ಅದೇ ಸಂಸ್ಥಾನದ ಶಂಶಾಬಾದಿನಲ್ಲಿ.

ನಾಲ್ಕು ಶತಮಾನ ಓಡಿದ ಈ ಜನರಿಗೆ ಹಿಂದಿರುಗಲು ಊರಿಲ್ಲ. ಉಕ್ರೇನಿನ ಅವರ ಹಳ್ಳಿಗಳಲ್ಲಿ ಇಂದು ಬೇರೆಯವರು ಒಲೆ ಹೊತ್ತಿಸುತ್ತಿದ್ದಾರೆ. ಉಳಿದುದು ಹೆಸರುಗಳು ಮಾತ್ರ. ‘ಅಜ್ಜಿ’ಯ ಪುಟಗಳಲ್ಲಿ ಹುಟ್ಟಿದ ದಿನವಿದ್ದು ಸತ್ತ ದಿನದ ಎದುರು ಏನೂ ಇಲ್ಲದ ಹೆಸರುಗಳೂ ಇವೆ. ಯಾವುದೋ ಕಚೇರಿಯ ಧೂಳಿನಲ್ಲಿ ಅವರ ಕಡತ ಬಿದ್ದಿರಬಹುದು. ಅದನ್ನು ಹುಡುಕಿ ತೆಗೆದು ಆ ಖಾಲಿ ಜಾಗವನ್ನು ತುಂಬಬೇಕೆಂದು ಮೊಮ್ಮಕ್ಕಳು ಇನ್ನೂ ಕಾಗದ ಬರೆಯುತ್ತಲೇ ಇದ್ದಾರೆ.