ವಕೀಲರಿಲ್ಲದೆ ದಾವೆ ನಡೆಸುವುದು



ಮುಂಗಾರು ಬಂತೆಂದರೆ ಬದುವಿನ ತಂಟೆಯೂ ಬಂತು. ಮಂಗಳೂರಿನ, ಕಡಲದಂಡೆಯದಲ್ಲ, ನಮ್ಮ ಯಲಬುರ್ಗಿ ಸೀಮೆಯ ಮಂಗಳೂರಿನ, ಒಬ್ಬ ಎರೆಹೊಲದ ರೈತನನ್ನು ನೆನೆಸಿಕೊಳ್ಳಿರಿ. ಪಕ್ಕದ ಹೊಲದವನು ಬದು ಒತ್ತಿದ್ದಲ್ಲದೆ ತಾನೇ ಮುಂದಾಗಿ ದಾವೆಯನ್ನೂ ಹೂಡಿದ್ದಾನೆ. ಕೋರ್ಟಿನ ಬೇಲಿಫ ಸಮನ್ಸ್ ಹಿಡಿದು ಬಾಗಿಲಿಗೆ ಬಂದಿದ್ದಾನೆ. ಕಟ್ಟೆಯ ಮೇಲೆ ಕುಳಿತವರು ಏನನ್ನುತ್ತಾರೆ? “ಸಹಿ ಮಾಡಬ್ಯಾಡೋ ತಮ್ಮಾ, ತೊಗೊಂಡ್ರ ಸಿಗಿಬೀಳ್ತಿ.”

ಈ ಬುದ್ಧಿವಾದ ಎಷ್ಟೋ ಮನೆಗಳನ್ನು ಕೆಡಿಸುವಂಥದು. ಸಮನ್ಸ್ ಒಲ್ಲೆನೆಂದರೆ ಬೇಲಿಫ ಅದನ್ನು ಬಾಗಿಲಿಗೆ ಅಂಟಿಸಿ ವರದಿ ಬರೆಯುತ್ತಾನೆ. ಜಾರಿಯಾಯಿತೆಂದು ಕೋರ್ಟು ಒಪ್ಪಿದರೆ, ನೀವಿಲ್ಲದೆಯೇ ವಿಚಾರಣೆ ನಡೆದು ಏಕಪಕ್ಷೀಯ ಡಿಕ್ರಿ ಆದೀತು. ಅದನ್ನು ರದ್ದುಪಡಿಸಲು ಅರ್ಜಿ ಹಾಕಬಹುದು, ಆದರೆ ಅದಕ್ಕಿರುವ ಅವಧಿ 30 ದಿನ; ಬಾರದಿದ್ದುದಕ್ಕೆ ತಕ್ಕ ಕಾರಣವನ್ನೂ ತೋರಿಸಬೇಕು.

“ಕೈಯಾಗ ರೊಕ್ಕಿಲ್ಲರೀ, ವಕೀಲರನ್ನ ಹೆಂಗ ಇಡ್ಲಿ?” ಎಂದು ಕೇಳುವಿರಿ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಂತೆ ಪಕ್ಷಗಾರನು ತಾನೇ ಹಾಜರಾಗಿ ತನ್ನ ದಾವೆ ನಡೆಸಬಹುದು. ಕೆಳಗಿನ ಕೋರ್ಟುಗಳಲ್ಲಿ ಕನ್ನಡದಲ್ಲಿಯೇ ಬರೆದುಕೊಡಬಹುದು. ಓದಿದ ಮಗನಿಗೆ ಮುಖ್ತ್ಯಾರ ಪತ್ರ ಕೊಟ್ಟರೆ ಅವನು ಹಾಜರಾಗಿ ಕಾಗದ ಸಲ್ಲಿಸಿಯಾನು. ಆದರೆ ವಾದ ಮಾಡಲು ನ್ಯಾಯಾಧೀಶರ ಅನುಮತಿ ಬೇಕು. ನೀವು ಕಣ್ಣಾರೆ ಕಂಡದ್ದಕ್ಕೆ ಅವನು ನಿಮ್ಮ ಬದಲು ಸಾಕ್ಷಿ ನುಡಿಯಲಾರ.

ಸಮನ್ಸ್ ಮುಟ್ಟಿದ 30 ದಿನಗಳೊಳಗೆ ಲಿಖಿತ ಹೇಳಿಕೆ ಕೊಡಬೇಕು. ಕಾರಣವಿದ್ದರೆ ಕೋರ್ಟು 90 ದಿನಗಳವರೆಗೆ ಅವಕಾಶ ಕೊಡಬಹುದು. ಇದೇ ದಾವೆಯ ಬೆನ್ನೆಲುಬು, ಇಲ್ಲಿಯೇ ಹೆಚ್ಚು ಮಂದಿ ಎಡವುತ್ತಾರೆ. ಎದುರಾಳಿಯ ಅಪ್ಪ ಅಜ್ಜಂದಿರ ಪುರಾಣ ಬರೆದು ಪುಟ ತುಂಬಿಸಬೇಡಿರಿ. ದಾವೆಪತ್ರದ ಒಂದೊಂದು ಕಂಡಿಕೆಗೂ ಬೇರೆ ಬೇರೆ ಉತ್ತರ ಕೊಡಿರಿ: ಇದು ನಿಜ, ಇದು ಸುಳ್ಳು, ಇದು ನನಗೆ ಗೊತ್ತಿಲ್ಲ. ಸ್ಪಷ್ಟವಾಗಿ ಅಲ್ಲಗಳೆಯದ ಮಾತನ್ನು ನೀವು ಒಪ್ಪಿದಿರೆಂದು ಕೋರ್ಟು ಹಿಡಿಯಬಹುದು. “ಬದು ಮೊದಲಿನಿಂದ ಇಲ್ಲಿಯೇ ಇತ್ತು” ಎಂದು ಅವನು ಬರೆದಿದ್ದರೆ, “ಸುಳ್ಳು; ಹದ್ದುಬಸ್ತಿನ ಕಲ್ಲು ಇಂಥ ಕಡೆ ಇದೆ, ನಕಾಶೆ ಲಗತ್ತಿಸಿದೆ” ಎಂದಿಷ್ಟು ಸಾಕು.

ಕಾಗದಗಳೆಂದರೆ ಖರೀದಿ ಪತ್ರ, ಪಹಣಿ, ಹದ್ದುಬಸ್ತಿನ ನಕಾಶೆ. 1964ರ ಭೂಕಂದಾಯ ಕಾಯದೆಯ 133ನೆಯ ಕಲಮಿನಂತೆ ಪಹಣಿಯ ನಮೂದು, ಸುಳ್ಳೆಂದು ತೋರಿಸುವ ತನಕ ನಿಜವೇ. ಹಾಗೆಂದು ಪಹಣಿಯೊಂದರಿಂದಲೇ ಒಡೆತನ ಬಾರದು. ನಮ್ಮದು 1948ರವರೆಗೆ ನಿಜಾಮರ ಸೀಮೆ; ಅಜ್ಜನ ಪೆಟ್ಟಿಗೆಯಲ್ಲಿ ಉರ್ದು ಕಾಗದ ಸಿಕ್ಕರೆ ಎಸೆಯಬೇಡಿರಿ, ತರ್ಜುಮೆ ಮಾಡಿಸಿರಿ.

ಪಾಟೀಸವಾಲು ಮಾತ್ರ ಕಠಿಣ ಕೆಲಸ. ಕೈಗಡದ ಸಣ್ಣ ದಾವೆಯನ್ನು ಧೈರ್ಯವಂತನು ತಾನೇ ನಡೆಸಿಯಾನು. ಪಾಲುವಾಟ್ನಿ, ಒಡೆತನದ ದಾವೆಗಳಿಗೆ ಒಬ್ಬರೇ ಹೋಗುವುದು ನನಗೆ ಸರಿಕಾಣದು. ರೊಕ್ಕವಿಲ್ಲದವರಿಗೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯದೆ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿಯುಂಟು. ತಾಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿರಿ, ಇಲ್ಲವೆ 15100ಕ್ಕೆ ಫೋನು ಮಾಡಿರಿ.

ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟು ಶುಲ್ಕ ಮರಳಿ ಬರುತ್ತದೆ, ಆದರೆ ಮೇಲ್ಮನವಿ ಇಲ್ಲ. ಆದ್ದರಿಂದ ಬರೆದದ್ದನ್ನು ಓದಿಸಿ ಕೇಳಿಯೇ ಹೆಬ್ಬೆಟ್ಟು ಒತ್ತಿರಿ. ಡಿಕ್ರಿ ವಿರುದ್ಧವಾದರೆ ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗೆ ಹೋಗಲು 30 ದಿನ. ಅಲ್ಲಿಂದ ಮುಂದೆ ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಮಾತ್ರ ಹೈಕೋರ್ಟಿನ ಧಾರವಾಡ ಪೀಠ. ನಕಲಿನ ಅರ್ಜಿಯನ್ನು ತೀರ್ಪಿನ ದಿನವೇ ಕೊಟ್ಟುಬಿಡಿರಿ. ನಕಲು ತಯಾರಾಗಲು ಹಿಡಿದ ದಿನಗಳನ್ನು ಆ 30ರಲ್ಲಿ ಎಣಿಸುವುದಿಲ್ಲ.