ಮಕ್ಕಳ ಸಂತೆಯಲ್ಲಿ ಬಂದ ದುಡ್ಡೆಲ್ಲ ಲಾಭವೇ?

ಶಾಲೆಯ ಮಕ್ಕಳ ಸಂತೆಯ ವಿಡಿಯೊ ನಿಮಗೂ ಬಂದಿರಬಹುದು: ‘ಮಜ್ಜಿಗೆ ಮಾರಿ 600 ರೂಪಾಯಿ ಲಾಭ ಮಾಡಿದ ಬಾಲಕಿ!’ ಎಂಬ ಧಾಟಿಯಲ್ಲಿ. ಇದು ನಿಜವೇ? ಅಲ್ಲ, ಅದು ಬರೀ ವ್ಯಾಪಾರದ ಮೊತ್ತ.

ಲೆಕ್ಕ ಹಾಕಿ ನೋಡೋಣ. 60 ಲೋಟ ಮಜ್ಜಿಗೆಗೆ ಮೊಸರು 200, ಪೇಪರ್ ಲೋಟ 60, ಕೊತ್ತಂಬರಿ, ಶುಂಠಿ, ಉಪ್ಪು 40 ಎಂದುಕೊಳ್ಳಿ. ಖರ್ಚು 300 ರೂಪಾಯಿ. ಲೋಟಕ್ಕೆ 10ರಂತೆ ಎಲ್ಲ ಖಾಲಿಯಾದರೆ ಲಾಭ 300. ಮೋಡ ಕವಿದು 15 ಲೋಟ ಉಳಿದರೆ? ವ್ಯಾಪಾರ 450ಕ್ಕೆ ಇಳಿಯುತ್ತದೆ, ಖರ್ಚು ಇಳಿಯುವುದಿಲ್ಲ. ಲಾಭ 150, ಅಂದರೆ ಅರ್ಧಕ್ಕರ್ಧ!

ಮೊಸರು ಮನೆಯದೇ ಆದರೂ ಅಂಗಡಿ ಬೆಲೆಯಲ್ಲಿ ಬರೆಸಿ. (ಕಡೆದುಕೊಟ್ಟ ಅಮ್ಮನ ಕೂಲಿಯನ್ನು ಯಾರೂ ಬರೆಯುವುದಿಲ್ಲ ಬಿಡಿ.) ವಿಡಿಯೊ ಹಂಚುವಾಗ ಮಗುವಿನ ಲೆಕ್ಕದ ಪುಟದ ಫೋಟೊವನ್ನೂ ಕಳಿಸಿ.